ನೆಗೆಟಿವ್ ಬಂತು, ಸರಿ. ಮತ್ತೆ ಯಾವಾಗ ಮಾಡಿಸಬೇಕು?

ಹೋದ ತಿಂಗಳು ನಮ್ಮ ಲ್ಯಾಬಿಗೆ ಒಬ್ಬ ಹುಡುಗ ಬಂದಿದ್ದ. ಹುಡುಗ ಅಂದರೆ 27-28 ವಯಸ್ಸು. ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿಬ್ಯಾಗು, ಅದರೊಳಗೆ ಮಡಚಿ ಮಡಚಿ ಮೆತ್ತಗಾದ ಐದು ರಿಪೋರ್ಟು. ಐದೂ ಎಚ್‌ಐವಿ ಟೆಸ್ಟಿನವು. ಮೂರು ವಿಜಯಪುರದವು, ಎರಡು ಸೊಲ್ಲಾಪುರದವು, ಯಾಕಂದ್ರೆ ಊರಲ್ಲಿ ಯಾರಾದರೂ ನೋಡಿಬಿಟ್ಟಾರು ಅನ್ನೋ ಭಯ. ಐದರಲ್ಲೂ ನೆಗೆಟಿವ್. ಆದರೂ ಅವನ ಪ್ರಶ್ನೆ ಒಂದೇ: "ಸರ, ಇನ್ನೊಮ್ಮೆ ಮಾಡಸ್ಬೇಕ್ರಿ ಏನು?"

ಬೇಡ ಬಿಡಪ್ಪ, ಐದು ಸಲ ಆಯ್ತಲ್ಲ ಅಂತ ನಾನು ಹೇಳಲಿ ಅಂತ ಅವನ ಆಸೆ. ನಾನು ರಿಪೋರ್ಟಿನ ತಾರೀಖು ನೋಡಿದೆ. ಭಯಕ್ಕೆ ಕಾರಣವಾದ ಆ ದಿನ ಯಾವುದು ಅಂತ ಕೇಳಿದೆ. ಎಣಿಸಿದರೆ ಮೊದಲನೇ ಟೆಸ್ಟು 3ನೇ ದಿನಕ್ಕೆ, ಆಮೇಲೆ 8, 15, 24, 33. ನಮ್ಮ ಹತ್ತಿರ ಬಂದದ್ದು 36ನೇ ದಿನ. ಎಲ್ಲವೂ ಬೆರಳು ಚುಚ್ಚಿ ಕಾರ್ಡಿನ ಮೇಲೆ ಹಾಕುವ ರ್ಯಾಪಿಡ್ ಟೆಸ್ಟು. "ಇನ್ನೊಮ್ಮೆ ಮಾಡಿಸಬೇಕು, ಆದರೆ ಇವತ್ತಲ್ಲ" ಅಂದೆ. ಅವನ ಮುಖ ಸಪ್ಪಗಾಯಿತು.

ಅದೇ ಮಧ್ಯಾಹ್ನ ಇಂಡಿ ಕಡೆಯ ಒಬ್ಬ ಅಕ್ಕಾರು ಶುಗರ್ ಟೆಸ್ಟಿಗೆ ಬಂದಿದ್ದರು. ಗಂಡ ವರ್ಷಕ್ಕೆ ಐದಾರು ತಿಂಗಳು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸಾಂಗ್ಲಿ, ಕೊಲ್ಲಾಪುರ ಕಡೆ ಇರುತ್ತಾರಂತೆ. ಗೋಡೆಯ ಮೇಲಿನ ಎಚ್‌ಐವಿ ಪೋಸ್ಟರ್ ನೋಡಿ ಅವರಾಗಿಯೇ ಅಂದರು, "ಅದು ನಂದು ಆಗೇತ್ರಿ. ಬಸರಿದ್ದಾಗ ಮಾಡ್ಯಾರ, ಏನೂ ಇಲ್ಲ ಅಂದಾರ." ಆಗ ಹೊಟ್ಟೆಯಲ್ಲಿದ್ದ ಮಗು ಈಗ ನಾಲ್ಕನೇ ಇಯತ್ತೆ.

ಒಬ್ಬ 33 ದಿನದಲ್ಲಿ ಐದು ಸಲ, ಇನ್ನೊಬ್ಬರು ಹತ್ತು ವರ್ಷದಲ್ಲಿ ಒಂದು ಸಲ. ನೋಡೋಕೆ ಒಬ್ಬರದು ಅತಿ, ಇನ್ನೊಬ್ಬರದು ಕಮ್ಮಿ. ನನಗೆ ಅನಿಸಿದ್ದು, ಇಬ್ಬರ ತಪ್ಪೂ ಒಂದೇ. ರಿಪೋರ್ಟ್ ಏನು ಹೇಳುತ್ತೆ ಅಂತ ನೋಡಿದರು, ಯಾವ ದಿನದವರೆಗೆ ಹೇಳುತ್ತೆ ಅಂತ ನೋಡಲಿಲ್ಲ.

ಇದನ್ನು ನಮ್ಮ ಕಡೆಯ ರೈತರಿಗೆ ಹೇಳೋದು ಸುಲಭ. ನಮ್ಮ ಮನೆಯದು ತಿಕೋಟಾ ಕಡೆ ಎರಡು ಎಕರೆ ದ್ರಾಕ್ಷಿ ಪಡ ಇತ್ತು. ರಾತ್ರಿ ಮಳೆ ಬಿದ್ದು ಎಲೆ ಒದ್ದೆಯಾಗಿದ್ದಾಗ ಡೌನಿ ರೋಗ ಹತ್ತಿಬಿಡುತ್ತೆ. ಆದರೆ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಎಲೆ ಹಚ್ಚಗೆ, ಚೆಂದ ಇರುತ್ತೆ. ಎಣ್ಣೆ ಬಿದ್ದಂಥ ಹಳದಿ ಕಲೆ ಕಣ್ಣಿಗೆ ಕಾಣಲು ಐದಾರು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಮಳೆಯಾದ ಮರುದಿನವೇ ಎಲೆ ತಿರುವಿ ನೋಡಿ "ಏನೂ ಇಲ್ಲ" ಅಂದರೆ ಅಪ್ಪ ನಗುತ್ತಿದ್ದರು. ಅವರ ಲೆಕ್ಕ ಯಾವಾಗಲೂ ಮಳೆ ಬಿದ್ದ ದಿನದಿಂದ ಶುರು. ಹಾಗೇ ಹೋದ ವರ್ಷ ಪಡ ಚೆನ್ನಾಗಿತ್ತು ಅಂತ ಈ ವರ್ಷ ಪಡದೊಳಗೆ ಕಾಲಿಡದೆ ಕೂತವರನ್ನೂ ನಾನು ನೋಡಿಲ್ಲ.

ಎಚ್‌ಐವಿ ಟೆಸ್ಟಿನದೂ ಇದೇ ಕತೆ. ವೈರಸ್ ಮೈಗೆ ಸೇರಿದ ಕೂಡಲೇ ಟೆಸ್ಟಿನಲ್ಲಿ ಕಾಣಲ್ಲ. ನಮ್ಮ ಕಾರ್ಡ್ ಟೆಸ್ಟು ಹುಡುಕೋದು ವೈರಸ್ಸನ್ನೇ ಅಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಆಂಟಿಬಾಡಿಯನ್ನು. ದೇಹಕ್ಕೆ ಅದನ್ನು ತಯಾರಿಸಲು ಟೈಮ್ ಬೇಕು. ಕೆಲವರಿಗೆ ಮೂರು ವಾರ ಸಾಕು, ಕೆಲವರಿಗೆ ಮೂರು ತಿಂಗಳು. ಲೆಕ್ಕದಲ್ಲಿ ಹೇಳುವುದಾದರೆ 23ರಿಂದ 90 ದಿನ. ಈ ನಡುವಿನ ಕಾಲಕ್ಕೆ ವಿಂಡೋ ಪೀರಿಯಡ್ ಅಂತಾರೆ. ಅಷ್ಟು ದಿನ ವೈರಸ್ ಒಳಗಿದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಇನ್ನೊಂದು ಸಂಗತಿ, ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತೆ, ಬೇರೆಯವರಿಗೆ ಸುಲಭವಾಗಿ ಹರಡುತ್ತೆ. ಅಂದರೆ "ನೆಗೆಟಿವ್" ಅಂತ ಚೀಟಿ ಹಿಡಿದು ಓಡಾಡುವ ಆ ದಿನಗಳೇ ಎಲ್ಲಕ್ಕಿಂತ ಅಪಾಯದ ದಿನಗಳು ಆಗಿರಬಹುದು.

ಎಲ್ಲ ಟೆಸ್ಟೂ ಒಂದೇ ಅಲ್ಲ. ನಿಮ್ಮ ರಿಪೋರ್ಟಿನಲ್ಲಿ ಬರೀ "ಆಂಟಿಬಾಡಿ" ಅಂತ ಇದ್ದರೆ ಮೇಲೆ ಹೇಳಿದ 90 ದಿನದ ಲೆಕ್ಕ. "ಆಂಟಿಜೆನ್ ಮತ್ತು ಆಂಟಿಬಾಡಿ" ಅಂತಲೋ, ಕಾಂಬೊ ಅಂತಲೋ, ಫೋರ್ತ್ ಜನರೇಷನ್ ಅಂತಲೋ ಇದ್ದರೆ ಅದು ವೈರಸ್ಸಿನದೇ ಒಂದು ಭಾಗವಾದ ಪಿ24 ಅನ್ನೋ ಪ್ರೋಟೀನನ್ನೂ ಹುಡುಕುತ್ತೆ. ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನ ಮಷೀನಿನಲ್ಲಿ ಈ ಟೆಸ್ಟು ಮಾಡಿದರೆ 18ರಿಂದ 45 ದಿನದೊಳಗೆ ಕಾಣುತ್ತೆ. ಅದನ್ನೇ ಬೆರಳು ಚುಚ್ಚಿ ಕಾರ್ಡಿನಲ್ಲಿ ಮಾಡಿದರೆ ಮತ್ತೆ 90 ದಿನ ಅಂತಲೇ ಇಟ್ಟುಕೊಳ್ಳಬೇಕು. ನ್ಯಾಟ್ ಅಂತ ಇನ್ನೊಂದಿದೆ, ಅದು ವೈರಸ್ಸನ್ನೇ ಹುಡುಕುತ್ತೆ, 10ರಿಂದ 33 ದಿನ ಸಾಕು. ಆದರೆ ಅದು ದುಬಾರಿ, ಎಲ್ಲರಿಗೂ ಸುಮ್ನೆ ಮಾಡುವ ಟೆಸ್ಟಲ್ಲ.

ಹಳೇ ಡಾಕ್ಟರುಗಳು ಇನ್ನೂ ಆರು ತಿಂಗಳು ಕಾಯಿರಿ ಅಂತಾರಲ್ಲ, ಅದಕ್ಕೂ ಕಾರಣ ಇದೆ. ಎಚ್‌ಐವಿ ಆಂಟಿಬಾಡಿ ಹುಡುಕುವ ಮೊದಲ ರಕ್ತಪರೀಕ್ಷೆ, ಎಲಿಸಾ ಅಂತಾರೆ, ಮಾರ್ಕೆಟ್ಟಿಗೆ ಬಂದದ್ದು 1985ರಲ್ಲಿ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆ ಹಚ್ಚಿದರು. ಆ ಕಾಲದ ಟೆಸ್ಟುಗಳಿಗೆ ಈಗಿನಷ್ಟು ಬೇಗ ಕಾಣುತ್ತಿರಲಿಲ್ಲ. ಕಿಟ್ ಬದಲಾಯಿತು, ಬಾಯಿಮಾತು ಬದಲಾಗಲಿಲ್ಲ.

ಈಗ ಆ ಹುಡುಗನ ಐದು ರಿಪೋರ್ಟು ನೋಡಿ. 3ನೇ ದಿನದ ಟೆಸ್ಟು ಆ ಘಟನೆಯ ಬಗ್ಗೆ ಏನೂ ಹೇಳಲ್ಲ. ಆ ಟೆಸ್ಟಿಗಿಂತ ಮೂರು ತಿಂಗಳ ಹಿಂದಿನವರೆಗೆ ಅವನಿಗೆ ಸೋಂಕು ತಗುಲಿರಲಿಲ್ಲ ಅಂತ ಹೇಳುತ್ತೆ, ಅಷ್ಟೇ. 8ರದ್ದೂ 15ರದ್ದೂ ಅದೇ. 24 ಮತ್ತು 33 ಸ್ವಲ್ಪ ಧೈರ್ಯ ಕೊಡುತ್ತವೆ, ಆದರೆ ಮುದ್ರೆ ಒತ್ತಲ್ಲ. ಐದು ಸಲ ದುಡ್ಡು ಕೊಟ್ಟ, ಬೇಕಾದ ಒಂದು ಟೆಸ್ಟು ಮಾತ್ರ ಇನ್ನೂ ಆಗಿಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ. ಲ್ಯಾಬಿನವರು ರಕ್ತ ತಗೊಳ್ತೀವಿ, ದುಡ್ಡು ತಗೊಳ್ತೀವಿ, "ಯಾವತ್ತಿನ ಭಯ ಇದು?" ಅಂತ ಕೇಳಲ್ಲ. ನಾನೂ ಎಷ್ಟೋ ವರ್ಷ ಕೇಳಿಲ್ಲ.

ಮೂರನೇ ದಿನ ಅವನು ಹೋಗಬೇಕಾಗಿದ್ದ ಜಾಗ ಲ್ಯಾಬಲ್ಲ, ಸರ್ಕಾರಿ ಆಸ್ಪತ್ರೆ. ಪೆಪ್ ಅಂತ ಒಂದು ಔಷಧಿ ಇದೆ. ಅಪಾಯದ ಸಂಪರ್ಕ ಆದ 72 ಗಂಟೆಯೊಳಗೆ, ಆದಷ್ಟು ಬೇಗ, ಶುರು ಮಾಡಿ 28 ದಿನ ಮಾತ್ರೆ ನುಂಗಿದರೆ ಸೋಂಕು ತಗುಲುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತೆ. ನೆಗೆಟಿವ್ ರಿಪೋರ್ಟಿನ ಖುಷಿಯಲ್ಲಿ ಆ ಮೂರು ದಿನ ಕಳೆದುಹೋದರೆ ಮತ್ತೆ ಸಿಗಲ್ಲ. ಪೆಪ್ ತಗೊಂಡವರ ಟೆಸ್ಟಿನ ಲೆಕ್ಕವೂ ಬೇರೆ, ಮಾತ್ರೆ ಆಂಟಿಬಾಡಿ ಬರುವುದನ್ನು ತಡ ಮಾಡಬಹುದು. ಅವರು ಡಾಕ್ಟರು ಬರೆದುಕೊಟ್ಟ ತಾರೀಖುಗಳನ್ನೇ ಹಿಡಿಯಬೇಕು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ? ಜನ ಒಂದು ನಂಬರ್ ಕೇಳ್ತಾರೆ. ಕಣ್ಣಿನ ಡಾಕ್ಟರು ವರ್ಷಕ್ಕೊಮ್ಮೆ ಬನ್ನಿ ಅಂದಂತೆ. ಇಲ್ಲಿ ಹಾಗೆ ಎಲ್ಲರಿಗೂ ಹೊಂದುವ ನಂಬರ್ ಇಲ್ಲ, ಮತ್ತು ಇದನ್ನು ನಾನಷ್ಟೇ ಹೇಳುತ್ತಿಲ್ಲ. ಅಮೆರಿಕದಲ್ಲಿ ಯಾವ ತಪಾಸಣೆ ಯಾರಿಗೆ ಬೇಕು ಅಂತ ಸಲಹೆ ಕೊಡುವ ತಜ್ಞರ ಮಂಡಳಿ ಇದೆ. 2019ರಲ್ಲಿ ಅವರು 15ರಿಂದ 65 ವರ್ಷದ ಎಲ್ಲರೂ ಒಮ್ಮೆ ಟೆಸ್ಟು ಮಾಡಿಸಿಕೊಳ್ಳಿ ಅಂತ ಖಡಾಖಂಡಿತವಾಗಿ ಹೇಳಿದರು. ಮತ್ತೆ ಎಷ್ಟು ದಿನಕ್ಕೆ ಅಂತ ಬಂದಾಗ, ಇಷ್ಟೇ ಅಂತರ ಸರಿ ಅಂತ ಹೇಳಲು ಸಾಕಷ್ಟು ಪುರಾವೆ ಇಲ್ಲ ಅಂದುಬಿಟ್ಟರು. ಆ ಪ್ರಾಮಾಣಿಕತೆ ನನಗೆ ಇಷ್ಟ.

ಪುರಾವೆ ಇಲ್ಲ ಅಂದರೆ ಅಂದಾಜೂ ಇಲ್ಲ ಅಂತಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳೋದು, 13ರಿಂದ 64 ವರ್ಷದವರು ಜೀವನದಲ್ಲಿ ಒಮ್ಮೆಯಾದರೂ, ಅಪಾಯ ಜಾಸ್ತಿ ಇರುವವರು ವರ್ಷಕ್ಕೆ ಕನಿಷ್ಠ ಒಮ್ಮೆ, ಕೆಲವರಿಗೆ 3ರಿಂದ 6 ತಿಂಗಳಿಗೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಪಾಯ ಮುಂದುವರಿಯುತ್ತಿರುವವರಿಗೆ ಕನಿಷ್ಠ ವರ್ಷಕ್ಕೊಮ್ಮೆ ಅನ್ನುತ್ತೆ. ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು 1992ರಲ್ಲಿ ಶುರುವಾದ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ. ಅವರ ಕಾರ್ಯಕ್ರಮದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು, ಗಂಡಸರ ಜೊತೆ ಸಂಪರ್ಕ ಇರುವ ಗಂಡಸರು, ಟ್ರಾನ್ಸ್‌ಜೆಂಡರ್ ಸಮುದಾಯದವರು, ಸೂಜಿಯಲ್ಲಿ ಡ್ರಗ್ಸ್ ತಗೊಳ್ಳುವವರು, ಇವರಿಗೆಲ್ಲ ಆರು ತಿಂಗಳಿಗೊಮ್ಮೆ. ಸೋಂಕು ಬರದಂತೆ ಮೊದಲೇ ಪ್ರೆಪ್ ಮಾತ್ರೆ ತಗೊಳ್ಳುವವರಿಗೆ ಮೂರು ತಿಂಗಳಿಗೊಮ್ಮೆ. ಯಾಕೆಂದರೆ ಸೋಂಕು ಈಗಾಗಲೇ ಇದ್ದು, ಗೊತ್ತಿಲ್ಲದೆ ಬರೀ ಪ್ರೆಪ್ ನುಂಗುತ್ತಾ ಹೋದರೆ ವೈರಸ್ ಔಷಧಿಗೆ ಒಗ್ಗಿಬಿಡಬಹುದು.

ಈ ಎಲ್ಲ ನಂಬರುಗಳ ಹಿಂದೆ ಇರುವ ಪ್ರಶ್ನೆ ಒಂದೇ: ಹಿಂದಿನ ಟೆಸ್ಟು ಹೇಳಿದ ದಿನದ ನಂತರ ಏನಾದರೂ ನಡೆದಿದೆಯಾ? ನಡೆದಿಲ್ಲ ಅಂದರೆ, ವಿಂಡೋ ಮುಗಿದ ಮೇಲಿನ ನೆಗೆಟಿವ್ ಹತ್ತು ವರ್ಷ ಹಳೆಯದಾದರೂ ನೆಗೆಟಿವ್ವೇ. ಸೊಳ್ಳೆ ಕಚ್ಚಿತು, ಒಂದೇ ತಟ್ಟೆಯಲ್ಲಿ ಉಂಡೆವು, ಬಸ್ಸಿನಲ್ಲಿ ಪಕ್ಕ ಕೂತೆವು, ಇವುಗಳಿಗೆಲ್ಲ ಟೆಸ್ಟು ಬೇಡ, ಅದರಿಂದ ಬರಲ್ಲ. ಕಾಂಡೋಮ್ ಇಲ್ಲದ ಹೊಸ ಸಂಪರ್ಕ, ಹಂಚಿಕೊಂಡ ಸೂಜಿ, ಸಂಗಾತಿಗೆ ಹೊರಗೆ ಬೇರೆ ಸಂಪರ್ಕ ಇರುವುದು, ಇವು ನಡೆದಿದ್ದರೆ ಮೀಟರು ಮತ್ತೆ ಸೊನ್ನೆಯಿಂದ ಶುರು.

ತೊಡಕು ಇರೋದು ಆ ಮೂರನೆಯದರಲ್ಲಿ. ನಮ್ಮ ಬಗ್ಗೆ ನಮಗೆ ಗೊತ್ತು. ಸಂಗಾತಿಯ ಬಗ್ಗೆ?

ಆ ಅಕ್ಕಾರ ಗಂಡ ತಪ್ಪು ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ನಾನ್ಯಾರು. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಕತೆ ಸ್ವಲ್ಪ ನೋಡಿ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆ ಮನೆಗೆ ಹೋಗಿ ಸಾಮಾನ್ಯ ಜನರಲ್ಲೇ ಒಂದು ಸಮೀಕ್ಷೆ ಮಾಡಿದ್ದರು. ದೊಡ್ಡವರಲ್ಲಿ 100ಕ್ಕೆ ಸುಮಾರು 3 ಜನರಿಗೆ ಎಚ್‌ಐವಿ ಇತ್ತು. ದೊಡ್ಡ ಸಿಟಿಗಳ ರೋಗ ಅಂತ ಎಲ್ಲರೂ ಅಂದುಕೊಂಡಿದ್ದಾಗ ಇದು ಹಳ್ಳಿಗಳಲ್ಲೇ ಇತ್ತು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. 2004ರಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ದೇಶದ ಲೆಕ್ಕದಲ್ಲಿ ಇವತ್ತು ಸಾವಿರಕ್ಕೆ ಸುಮಾರು 2 ಜನ. ಆದರೂ ಬೆಳಗಾವಿಯಿಂದ ಪುಣೆ ಕಡೆಗೆ ಹಗಲೂ ರಾತ್ರಿ ಲಾರಿ ಹೋಗುತ್ತವೆ, ಮುಧೋಳ, ಜಮಖಂಡಿ ಕಡೆ ಕಬ್ಬಿನ ಸೀಸನ್ನು ನಡೆಯುತ್ತೆ, ವಿಜಯಪುರದಿಂದ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತವೂ ಹೋಗುತ್ತಾರೆ, ಒಬ್ಬೊಬ್ಬರೇ ಗಂಡಸರೂ ಹೋಗುತ್ತಾರೆ. ಯಾರನ್ನೂ ಬೈಯಬೇಕಾಗಿಲ್ಲ. ತಿಂಗಳುಗಟ್ಟಲೆ ಬೇರೆ ಬೇರೆ ಇರುವ ಗಂಡ ಹೆಂಡತಿ, ಇಬ್ಬರೂ, ಟೆಸ್ಟನ್ನು ವರ್ಷದ ಲೆಕ್ಕಕ್ಕೆ ಸೇರಿಸಿಕೊಂಡರೆ ಸಾಕು.

ಯಾವಾಗ ಅಂದ್ರೆ, ನನ್ನ ಹತ್ತಿರ ಒಂದು ಸುಲಭದ ಲೆಕ್ಕ ಇದೆ. ಕಬ್ಬಿನ ಗ್ಯಾಂಗಿನವರು ದೀಪಾವಳಿ ಹೊತ್ತಿಗೆ ಹೋಗಿ ಯುಗಾದಿ ಹೊತ್ತಿಗೆ ಬರುತ್ತಾರೆ, ಅಲ್ವಾ? ಯುಗಾದಿಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಚೈತ್ರ, ವೈಶಾಖ, ಜ್ಯೇಷ್ಠ, ಹೆಚ್ಚೂಕಡಿಮೆ ಮೂರು ತಿಂಗಳು. ಕಾರಹುಣ್ಣಿಮೆಗೆ ಹೋದರೆ ಹದಿನೈದು ದಿನ ಕಮ್ಮಿ ಬೀಳುತ್ತೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿ ಎರಡು ಮೂರು ದಿನ ಬಿಟ್ಟು, ಬಿತ್ತನೆಯ ಗಡಿಬಿಡಿಯಲ್ಲೇ ಒಂದು ದಿನ ಬಿಡುವು ಮಾಡಿಕೊಂಡು ತಾಲೂಕು ಆಸ್ಪತ್ರೆಗೆ ಇಬ್ಬರೂ ಹೋಗಿಬಂದರೆ, ಆ ರಿಪೋರ್ಟು ಇಡೀ ಸೀಸನ್ನಿಗೆ ಉತ್ತರ ಹೇಳುತ್ತೆ. ಇಲ್ಲಿಯವರೆಗೆ ಒಮ್ಮೆಯೂ ಮಾಡಿಸಿಲ್ಲ ಅನ್ನುವವರು ಮಾತ್ರ ಹಬ್ಬ ಕಾಯಬಾರದು, ಇವತ್ತೇ ಒಂದು ಮಾಡಿಸಿ, ಮೂರು ತಿಂಗಳಿಗೆ ಇನ್ನೊಂದು.

"ಹೆಂಡತಿದು ನೆಗೆಟಿವ್ ಬಂದದ, ಅಂದ್ರ ನಂದೂ ನೆಗೆಟಿವ್" ಅನ್ನುವವರು ತುಂಬಾ ಜನ. ಬಸುರಿಯರಿಗೆ ಹೇಗೂ ಟೆಸ್ಟು ಆಗುತ್ತೆ, ಗಂಡಸರು ಅದರ ನೆರಳಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ಎಚ್‌ಐವಿ ಪ್ರತಿ ಸಲವೂ ದಾಟಲ್ಲ. ಔಷಧಿ ತಗೊಳ್ಳದ ಗಂಡನಿಂದ ಹೆಂಡತಿಗೆ, ಮಾಮೂಲಿ ಸಂಪರ್ಕದಲ್ಲಿ, ಒಂದು ಸಲಕ್ಕೆ ಹರಡುವ ಸಾಧ್ಯತೆ 10,000ಕ್ಕೆ ಸುಮಾರು 8 ಅಂತ ಅಂದಾಜು. ಹೆಂಡತಿಯಿಂದ ಗಂಡನಿಗೆ ಸುಮಾರು 4. ಕೇಳೋಕೆ ಚಿಕ್ಕದು. ಹಾಗಾಗಿ ಗಂಡನಿಗೆ ಸೋಂಕಿದ್ದೂ ಹೆಂಡತಿಯದು ಎರಡು ಮೂರು ವರ್ಷ ನೆಗೆಟಿವ್ ಬರುವುದು ಅಚ್ಚರಿಯಲ್ಲ. ಆದರೆ ಸಂಸಾರ ಅಂದರೆ ಒಂದು ಸಲದ ಮಾತಲ್ಲ, ವರ್ಷಗಳು ಕೂಡುತ್ತಾ ಹೋಗುತ್ತವೆ. ಹುಣ್ಣು, ಬಿಳಿಸೆರಗಿನ ಸೋಂಕು ಇಂಥವು ಇದ್ದರೆ, ಅಥವಾ ಗಂಡನಿಗೆ ಸೋಂಕು ಹೊಸದಾಗಿ ತಗುಲಿದ್ದರೆ ಆ 8 ಎಷ್ಟೋ ಪಟ್ಟು ಏರುತ್ತೆ. ಅದಕ್ಕೇ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಯಲ್ಲಿ, ಇಲ್ಲದವರಿಗೆ ಆರು ತಿಂಗಳಿಗೊಮ್ಮೆ ಟೆಸ್ಟು ಹೇಳುತ್ತಾರೆ. ಇದ್ದವರು ದಿನವೂ ತಪ್ಪದೆ ಎಆರ್‌ಟಿ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ವೈರಲ್ ಲೋಡ್ ಟೆಸ್ಟಿನಲ್ಲಿ ಅದು ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ದೊಡ್ಡ ಅಧ್ಯಯನಗಳಲ್ಲಿ ಗಟ್ಟಿಯಾದ ಮಾತು, ಸಮಾಧಾನಕ್ಕೆ ಹೇಳುವುದಲ್ಲ.

ಬಸುರಿಯರ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ತಾಯಿ ಕಾರ್ಡ್ ಮಾಡಿಸುವಾಗಲೇ, ಮೊದಲ ತಿಂಗಳುಗಳಲ್ಲಿ, ಎಚ್‌ಐವಿ ಟೆಸ್ಟು ಆಗಿಬಿಡುತ್ತೆ. ಕಾರ್ಡಿನಲ್ಲಿ ಬರೆಯುತ್ತಾರೆ. ಏಳನೇ ತಿಂಗಳಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ ತವರಿಗೆ ಕಳಿಸುತ್ತಾರೆ. ಹೆರಿಗೆ ತವರೂರಿನ ಆಸ್ಪತ್ರೆಯಲ್ಲಿ. ಅಲ್ಲಿಯವರು ಕಾರ್ಡ್ ತೆಗೆದು ನೋಡುತ್ತಾರೆ, "ಎಚ್‌ಐವಿ ಆಗೇತಿ" ಅಂತ ಮುಂದೆ ಹೋಗುತ್ತಾರೆ. ಈ ನಡುವಿನ ಐದಾರು ತಿಂಗಳು? ಆ ಕಾಲದಲ್ಲಿ ಹೊಸದಾಗಿ ಸೋಂಕು ತಗುಲಿದ್ದರೆ ಕಾರ್ಡಿನ ಆ ಸಾಲು ಸುಳ್ಳಾಗಿರುತ್ತೆ. ಬಸುರಿನಲ್ಲಿ ಹೊಸದಾಗಿ ತಗುಲಿದ ಸೋಂಕು ಮಗುವಿಗೆ ಹೋಗುವ ಸಾಧ್ಯತೆಯೂ ಜಾಸ್ತಿ, ಯಾಕೆಂದರೆ ಮೇಲೆ ಹೇಳಿದೆನಲ್ಲ, ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ 100ಕ್ಕೆ 15ರಿಂದ 45. ಮೊದಲೇ ಗೊತ್ತಾಗಿ ಔಷಧಿ ಶುರುವಾದರೆ 5ಕ್ಕಿಂತ ಕಡಿಮೆ. ಇಷ್ಟು ದೊಡ್ಡ ವ್ಯತ್ಯಾಸ ಒಂದು ಟೆಸ್ಟಿನ ಮೇಲೆ ನಿಂತಿದೆ.

ಅದಕ್ಕೇ ಅಪಾಯ ಇರುವವರಿಗೆ ಕೊನೆಯ ಮೂರು ತಿಂಗಳಲ್ಲಿ ಇನ್ನೊಮ್ಮೆ ಟೆಸ್ಟು ಮಾಡಿಸಿ ಅಂತ ಹೇಳುತ್ತಾರೆ. ಯಾರಿಗೆ ಅಪಾಯ ಇದೆ ಅಂತ ಕೇಳಿ ಬೇರೆ ಮಾಡುವುದು ಆಶಾ ಕಾರ್ಯಕರ್ತೆಗೂ ಮುಜುಗರ, ಬಸುರಿಗೂ ಮುಜುಗರ. ನನ್ನನ್ನು ಕೇಳಿದರೆ, ಗಂಡ ದುಡಿಯೋಕೆ ಹೊರಗೆ ಇರುವ ಮನೆಗಳಲ್ಲಿ ಕುಬಸದ ನಂತರ ಒಂದು ಟೆಸ್ಟು ಅಂತ ಸುಮ್ನೆ ರೂಢಿ ಮಾಡಿಕೊಳ್ಳಬೇಕು. ಹಿಮೋಗ್ಲೋಬಿನ್ ನೋಡುವಾಗ ತೆಗೆಯುವ ರಕ್ತದಲ್ಲೇ ಆಗುತ್ತೆ, ಯಾರಿಗೂ ಅವಮಾನ ಇಲ್ಲ. ಸೋಂಕಿರುವ ತಾಯಿಯ ಮಗುವಿನದು ಬೇರೆ ಲೆಕ್ಕ. ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಇರುತ್ತೆ, ಆದ್ದರಿಂದ ಕಾರ್ಡ್ ಟೆಸ್ಟು ನಂಬುವಂತಿಲ್ಲ. ಆರನೇ ವಾರದಿಂದ ವೈರಸ್ಸನ್ನೇ ಹುಡುಕುವ ಟೆಸ್ಟು ಶುರು ಮಾಡಿ, 18 ತಿಂಗಳಿಗೆ ಕೊನೆಯ ತೀರ್ಮಾನ. ನಡುವೆ ಒಂದು ನೆಗೆಟಿವ್ ಬಂತು ಅಂತ ಬಿಡಬಾರದು.

ಇನ್ನು ಕ್ಯಾಲೆಂಡರ್ ನೋಡದೆ ಮಾಡಿಸಬೇಕಾದ ಸಂದರ್ಭಗಳೂ ಇವೆ. ಟಿಬಿ ಇದೆ ಅಂತ ಗೊತ್ತಾದಾಗ, ಗುಪ್ತಾಂಗದಲ್ಲಿ ಹುಣ್ಣೋ ಕೀವೋ ಕಂಡಾಗ, ಅಪಾಯದ ಸಂಪರ್ಕ ಆಗಿ ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬಂದಾಗ. ಇಂಥ ಜ್ವರ ನೂರು ಕಾರಣಕ್ಕೆ ಬರುತ್ತೆ, ಹೆದರಬೇಕಾಗಿಲ್ಲ, ಡಾಕ್ಟರಿಗೆ ವಿಷಯ ಮುಚ್ಚಿಡದೆ ಹೇಳಿದರೆ ಸಾಕು. ರಕ್ತದಾನಕ್ಕೆ ಹೋದರೆ ಪುಕ್ಕಟೆ ಟೆಸ್ಟ್ ಆಗುತ್ತಲ್ಲ ಅಂತ ಕೆಲವರು ಉಪಾಯ ಮಾಡುತ್ತಾರೆ. ದಯವಿಟ್ಟು ಬೇಡ. ವಿಂಡೋದಲ್ಲಿ ಇದ್ದರೆ ನಿಮ್ಮ ನೆಗೆಟಿವ್ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತೆ. "ಫುಲ್ ಬಾಡಿ ಚೆಕಪ್ ಮಾಡಿಸೀನಿ, ಅದರಾಗ ಬಂದಿರ್ತದ" ಅನ್ನುವವರೂ ಚೀಟಿ ತೆಗೆದು ನೋಡಿ. ಎಚ್‌ಐವಿ ಅಂತ ಬರೆದಿಲ್ಲ ಅಂದರೆ ಆಗಿಲ್ಲ.

ಜಾಸ್ತಿ ಸಲ ಮಾಡಿಸಿದರೆ ನಷ್ಟ ಏನು, ದುಡ್ಡು ತಾನೆ ಅಂತ ಆ ಹುಡುಗ ಕೇಳಿದ. ದುಡ್ಡಷ್ಟೇ ಅಲ್ಲ. ಒಂದು ಲೆಕ್ಕ ಹೇಳಿದೆ. ಒಂದು ಕಿಟ್ಟು ಸೋಂಕಿಲ್ಲದ 1,000 ಜನರಲ್ಲಿ 5 ಜನರಿಗೆ ತಪ್ಪಾಗಿ, ಸೋಂಕಿದೆ ಅನ್ನುವ ಗೆರೆ ತೋರಿಸುತ್ತೆ ಅಂತ ಇಟ್ಟುಕೊಳ್ಳಿ. ಒಳ್ಳೆಯ ಕಿಟ್ಟೇ ಅದು. ಈಗ 10,000 ಸಾಮಾನ್ಯ ಜನರನ್ನು ಪರೀಕ್ಷೆ ಮಾಡಿ. ಸಾವಿರಕ್ಕೆ 2 ಅಂದರೆ ನಿಜವಾಗಿ ಸೋಂಕಿರುವವರು 20 ಜನ. ಉಳಿದ 9,980 ಜನರಲ್ಲಿ ತಪ್ಪು ಗೆರೆ ಬರುವವರು ಸುಮಾರು 50. ಅಂದರೆ ಗೆರೆ ಕಂಡ 70 ಜನರಲ್ಲಿ 50 ಜನರಿಗೆ ಏನೂ ಇಲ್ಲ! ಅದೇ ಕಿಟ್ಟನ್ನು 100ಕ್ಕೆ 5 ಜನರಿಗೆ ಸೋಂಕಿರುವ ಗುಂಪಿನಲ್ಲಿ ಹಾಕಿದರೆ ಗೆರೆ ಕಂಡ 550ಕ್ಕೂ ಕಡಿಮೆ ಜನರಲ್ಲಿ 500 ನಿಜ. ಕಿಟ್ ಬದಲಾಗಿಲ್ಲ, ಯಾರ ಮೇಲೆ ಹಾಕಿದೆವು ಅನ್ನೋದು ಬದಲಾಯಿತು. ಅಪಾಯವೇ ಇಲ್ಲದವರು ಮತ್ತೆ ಮತ್ತೆ ಮಾಡಿಸಿದಷ್ಟೂ ಯಾವತ್ತೋ ಒಂದು ದಿನ ಸುಳ್ಳು ಗೆರೆ ನೋಡಿ ಎದೆ ಒಡೆದುಕೊಳ್ಳುವ ಸಾಧ್ಯತೆ ಏರುತ್ತೆ.

ಅದಕ್ಕೇ ಒಂದು ಗೆರೆಗೆ ಯಾರಿಗೂ ಪಾಸಿಟಿವ್ ಅಂತ ಹೇಳುವುದಿಲ್ಲ, ಹೇಳಲೂಬಾರದು. ಹಳ್ಳಿಯ ಪಿಎಚ್‌ಸಿಯಲ್ಲಿ ಒಂದು ಕಿಟ್ಟಿನಲ್ಲಿ ನೋಡುತ್ತಾರೆ. ಗೆರೆ ಬಂದರೆ "ರಿಯಾಕ್ಟಿವ್" ಅಂತ ಬರೆದು ಐಸಿಟಿಸಿಗೆ, ಅಂದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್ಟಿನಲ್ಲಿ ನೋಡಿ, ಮೂರಕ್ಕೆ ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್. ಒಂದಕ್ಕೊಂದು ಹೊಂದದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಯಾವುದಾದರೂ ಖಾಸಗಿ ಲ್ಯಾಬು, ನಮ್ಮದೂ ಸೇರಿ, ಒಂದೇ ಕಾರ್ಡು ನೋಡಿ ಪಾಸಿಟಿವ್ ಅಂದರೆ ಅಲ್ಲೇ ಕುಸಿದು ಕೂರಬೇಡಿ. ನೇರ ಐಸಿಟಿಸಿಗೆ ಹೋಗಿ. ಇನ್ನು ಒಮ್ಮೆ ಖಚಿತವಾಗಿ ಎಆರ್‌ಟಿ ಶುರುವಾದವರು "ಹೋಗಿದೆಯಾ ನೋಡೋಣ" ಅಂತ ಮತ್ತೆ ಕಾರ್ಡ್ ಟೆಸ್ಟು ಮಾಡಿಸಬಾರದು. ಬೇಗ ಚಿಕಿತ್ಸೆ ಶುರುವಾದವರಲ್ಲಿ ಆಂಟಿಬಾಡಿ ಕಮ್ಮಿಯಾಗಿ ಸುಳ್ಳು ನೆಗೆಟಿವ್ ಬರಬಹುದು, ಅದನ್ನು ನಂಬಿ ಮಾತ್ರೆ ಬಿಟ್ಟರೆ ಕೆಟ್ಟಿತು. ಅವರಿಗೆ ಬೇಕಾಗಿರೋದು ವೈರಲ್ ಲೋಡ್.

ಐಸಿಟಿಸಿಯಲ್ಲಿ ಟೆಸ್ಟು ಉಚಿತ. ಟೆಸ್ಟಿನ ಮೊದಲೂ ಆಮೇಲೂ ಕೌನ್ಸೆಲರ್ ಕೂತು ಮಾತಾಡುತ್ತಾರೆ, ನಾವು ಲ್ಯಾಬಿನವರು ಕೇಳದ ಆ "ಯಾವತ್ತಿನ ಭಯ" ಪ್ರಶ್ನೆ ಅವರು ಕೇಳುತ್ತಾರೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟು ಮಾಡುವಂತಿಲ್ಲ, ಕಾಯ್ದೆಯಲ್ಲೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ ಫಲಿತಾಂಶ ಯಾರಿಗೂ ಬಿಟ್ಟುಕೊಡುವಂತಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ರಿಪೋರ್ಟು ಕೇಳುವಂತಿಲ್ಲ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ. ಗುರುತಿನವರು ಸಿಗುತ್ತಾರೆ ಅನ್ನೋ ಭಯ ಇದ್ದರೆ ಬೇರೆ ತಾಲೂಕಿಗೆ ಹೋಗಿ, ಸೊಲ್ಲಾಪುರಕ್ಕೆ ಬೇಕಾದರೂ ಹೋಗಿ, ತಾರೀಖು ಮಾತ್ರ ಒಂದು ಕಡೆ ಬರೆದಿಟ್ಟುಕೊಳ್ಳಿ.

ಆ ಅಕ್ಕಾರಿಗೆ ನಾನು ಇದೆಲ್ಲ ಹೇಳಲಿಲ್ಲ. ಹೇಗೆ ಹೇಳಲಿ? "ಆ ರಿಪೋರ್ಟು ಆ ವರ್ಷದ್ದು ರೀ ಅಕ್ಕಾ, ನೀವೂ ಯಜಮಾನ್ರೂ ಇಬ್ಬರೂ ಕೂಡಿ ಒಮ್ಮೆ ಇಂಡಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಿಡ್ರಿ, ರೊಕ್ಕ ಇಲ್ಲ" ಅಂದೆ. "ಹೌದ್ರ್ಯಾ?" ಅಂದರು. ಇನ್ನೇನೂ ಹೇಳಲಿಲ್ಲ, ಶುಗರ್ ರಿಪೋರ್ಟು ತಗೊಂಡು ಹೋದರು.

ಹುಡುಗನ ಕ್ಯಾರಿಬ್ಯಾಗಿನ ಮೇಲೆ ಎರಡು ತಾರೀಖು ಬರೆದೆ. ಒಂದು 45 ದಿನ ದಾಟಿದ ಮೇಲಿನದು, ನರದಿಂದ ರಕ್ತ ಕೊಟ್ಟು ಕಾಂಬೊ ಟೆಸ್ಟು ಮಾಡಿಸುವುದಾದರೆ. ಇನ್ನೊಂದು 90 ದಿನ ದಾಟಿದ ಮೇಲಿನದು, ಆಸ್ಪತ್ರೆಯಲ್ಲಿ ಉಚಿತ ಕಾರ್ಡ್ ಟೆಸ್ಟು ಆದರೆ. ಎರಡರಲ್ಲಿ ಯಾವುದಾದರೂ ಒಂದು, ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ, ರಕ್ತದಾನವೂ ಬೇಡ ಅಂತ ಬಿಡಿಸಿ ಹೇಳಿದೆ. ಅವನು ತಲೆಯಾಡಿಸುತ್ತಾ ಎಲ್ಲ ಕೇಳಿದ. ಬಾಗಿಲವರೆಗೆ ಹೋಗಿ ವಾಪಸ್ ಬಂದ.

"ಸರ, ಎರಡೂ ಮಾಡಸ್ಲೇನ್ರಿ?"